ಡಿಸ್ಕ್ ನನ್ನದು, ಗೇಮ್ ಯಾರದು?

ಪ್ರಶ್ನೆ: ಸರ್, 2006ರಲ್ಲಿ ಮೊದಲ ಸಂಬಳದಲ್ಲಿ ಒಂದು ಕಾರ್ ರೇಸ್ ಗೇಮಿನ ಡಿಸ್ಕ್ ಕೊಂಡಿದ್ದೆ. ಅಸಲಿ ಡಿಸ್ಕ್. ಡಬ್ಬಿ ಇದೆ, ಬಿಲ್ಲೂ ಇದೆ, ಒಂದು ಗೀರೂ ಬಿದ್ದಿಲ್ಲ. ಮಗನಿಗೆ ತೋರಿಸೋಣ ಅಂತ ವಿಂಡೋಸ್ 10 ಇರುವ ಕಂಪ್ಯೂಟರಿಗೆ ಹಾಕಿದೆ. ಇನ್‌ಸ್ಟಾಲ್ ಆಯ್ತು. ಆದರೆ ಐಕಾನ್ ಒತ್ತಿದರೆ ಕರ್ಸರ್ ಒಂದು ಸುತ್ತು ತಿರುಗಿ ಸುಮ್ಮನಾಗುತ್ತೆ. ಎರರ್ ಕೂಡ ಬರಲ್ಲ. ‘ನೋ ಸಿಡಿ ಕ್ರ್ಯಾಕ್’, ಅಂದರೆ ಡಿಸ್ಕ್ ತಪಾಸಣೆ ತಪ್ಪಿಸುವ ತಿದ್ದಿದ ಫೈಲ್, ಹಾಕು ಅಂತಾರೆ ಗೆಳೆಯರು. ದುಡ್ಡು ಕೊಟ್ಟು ತಗೊಂಡ ಗೇಮಿಗೂ ಹಾಗೆ ಮಾಡಿದರೆ ತಪ್ಪಾ? – ದಾವಣಗೆರೆಯ ಓದುಗ

ಉತ್ತರ: ನಿಮ್ಮ ಡಿಸ್ಕ್ ಹಾಳಾಗಿಲ್ಲ. ನೀವು ಹೇಳುವ ಲಕ್ಷಣ ನೋಡಿದರೆ ಅದರಲ್ಲಿರುವುದು ಬಹುಶಃ ಸೇಫ್‌ಡಿಸ್ಕ್ ಎಂಬ ಬೀಗ. ಸೈಬರ್ ಕೆಫೆಗಳಲ್ಲಿ ಹುಡುಗರು ಸಾಲು ನಿಂತು ಆಡುತ್ತಿದ್ದ 2005ರ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ಗೂ ಇದೇ ಬೀಗ ಇತ್ತು.

ಈ ಬೀಗ ಕೆಲಸ ಮಾಡುವ ರೀತಿ ಹೀಗೆ. ಡಿಸ್ಕ್ ತಯಾರಿಸುವಾಗಲೇ ಅದರ ಕೆಲವು ಜಾಗಗಳನ್ನು ಬೇಕಂತಲೇ ಸರಿಯಾಗಿ ಓದಲು ಬರದ ಹಾಗೆ ಮಾಡಿರುತ್ತಾರೆ. ಮನೆಯ ಸಿಡಿ ರೈಟರಿನಲ್ಲಿ ಕಾಪಿ ಮಾಡಲು ಹೋದರೆ ಅದು ಅಲ್ಲೇ ಎಡವುತ್ತದೆ. ಗೇಮ್ ಶುರುವಾಗುವ ಮುಂಚೆ ಡ್ರೈವ್ ಗುಂಯ್ ಎಂದು ತಿರುಗಿ, ದೀಪ ಮಿನುಗುತ್ತಿತ್ತು, ನೆನಪಿದೆಯಾ? ಆಗ ನಡೆಯುತ್ತಿದ್ದದ್ದು ಇದೇ ತಪಾಸಣೆ. ಕಾಪಿಯಲ್ಲಿ ಆ ಗುರುತು ಸಿಗಲ್ಲ, ಗೇಮ್ ತೆರೆಯಲ್ಲ.

ತಪಾಸಣೆ ಮಾಡುವುದು secdrv ಎಂಬ ಒಂದು ಸಣ್ಣ ಡ್ರೈವರ್ ತಂತ್ರಾಂಶ. ಅದು ವಿಂಡೋಸಿನ ಒಳಮನೆಯಲ್ಲೇ ಕೂತಿರುತ್ತದೆ. ಬೀಗ ಕಾಯುವವನಿಗೆ ಮನೆಯ ಎಲ್ಲ ಕೋಣೆಗಳ ಕೀ ಕೊಟ್ಟ ಹಾಗೆ. 2007ರಲ್ಲಿ ಅದರಲ್ಲೇ ದೊಡ್ಡ ತೂತು ಸಿಕ್ಕಿತು. ಅದನ್ನು ಬಳಸಿ ಇಡೀ ಕಂಪ್ಯೂಟರನ್ನು ಹಿಡಿತಕ್ಕೆ ತೆಗೆದುಕೊಳ್ಳಬಹುದಿತ್ತು. ಮೈಕ್ರೋಸಾಫ್ಟ್ ಆಗ ತೇಪೆ ಹಾಕಿತು. 2015ರಲ್ಲಿ ವಿಂಡೋಸ್ 10 ಬಂದಾಗ ಆ ಡ್ರೈವರನ್ನು ಪೂರ್ತಿ ಕೈಬಿಟ್ಟಿತು. ಅದೇ ಸೆಪ್ಟೆಂಬರಿನಲ್ಲಿ ವಿಸ್ಟಾ, 7 ಮತ್ತು 8ರಲ್ಲೂ ಅಪ್‌ಡೇಟ್ ಕಳಿಸಿ ಅದನ್ನು ನಿಲ್ಲಿಸಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ಕೆಲಸವೇ. ಆದರೆ ಬೀಗ ಡಿಸ್ಕಿನಲ್ಲೇ ಉಳಿಯಿತು, ತೆಗೆಯುವವನು ಹೊರಟುಹೋದ. ನಕಲಿ ಆಡಿದವರಿಗೆ ಇದರಿಂದ ಏನೂ ಆಗಲಿಲ್ಲ, ಅವರ ಪ್ರತಿಯಲ್ಲಿ ಬೀಗವೇ ಇರಲಿಲ್ಲ. ಸಿಕ್ಕಿಬಿದ್ದದ್ದು ಬಿಲ್ಲು ಇಟ್ಟುಕೊಂಡ ನೀವು. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಮಾರಾಟ ನಿಲ್ಲಿಸಿದ ಗೇಮಿಗೆ ಬೀಗ ತೆಗೆಯುವ ಒಂದು ಕೊನೆಯ ಪ್ಯಾಚ್ ಕೊಡುವುದು ಕಂಪನಿಯ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ಇನ್ನು ಕಾನೂನು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ, ಪ್ರೋಗ್ರಾಂ ಅನ್ನು ಕಾನೂನುಬದ್ಧವಾಗಿ ಹೊಂದಿರುವವರು ಅದನ್ನು ಕೊಂಡ ಉದ್ದೇಶಕ್ಕೆ ಬಳಸಲು, ಹಾಳಾದರೆ ಇರಲಿ ಎಂದು ಬ್ಯಾಕಪ್ ಇಡಲು, ಪ್ರತಿ ಮಾಡಿಕೊಳ್ಳಬಹುದು ಎಂದಿದೆ. ಬೀಗ ಮುರಿಯುವುದನ್ನು ಅಪರಾಧ ಮಾಡಿದ್ದು 2012ರಲ್ಲಿ ಸೇರಿದ 65ಎ ಕಲಂ. ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಆದರೆ ಅದರಲ್ಲೊಂದು ಮುಖ್ಯ ಮಾತಿದೆ: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ. ತನ್ನ ಸ್ವಂತ ಡಿಸ್ಕನ್ನು ತನ್ನ ಮನೆಯಲ್ಲಿ ಆಡಲು ಹೊರಟವನ ಉದ್ದೇಶ ಅದಲ್ಲ ಎಂಬುದು ನನ್ನ ಓದು. ಆ ಪ್ರತಿಯನ್ನು ನಾಲ್ಕು ಜನಕ್ಕೆ ಹಂಚಿದರೆ ಈ ರಕ್ಷಣೆ ಸಿಗಲ್ಲ.

ಹಾಗಂತ ಕ್ರ್ಯಾಕ್ ಇಳಿಸಿಕೊಳ್ಳಿ ಎಂದು ಹೇಳಲಾರೆ. ಕಾರಣ ಕಾನೂನಲ್ಲ, ವೈರಸ್. ಯಾರೋ ತಿದ್ದಿದ ಫೈಲನ್ನು ಬ್ಯಾಂಕಿಂಗ್ ಮಾಡುವ ಕಂಪ್ಯೂಟರಿನಲ್ಲಿ ಓಡಿಸಬೇಡಿ. ಅಟ್ಟದ ಮೇಲೆ ಹಳೆಯ ಎಕ್ಸ್‌ಪಿ ಕಂಪ್ಯೂಟರ್ ಇದ್ದರೆ ಇಳಿಸಿ, ನೆಟ್ ಕೊಡದೆ, ಅದರಲ್ಲೇ ಡಿಸ್ಕ್ ಹಾಕಿ. ಅದು ಇಲ್ಲವಾದರೆ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಹುಡುಕಿ. 2008ರಿಂದ ಅವರು ಹಳೆಯ ಗೇಮ್‌ಗಳನ್ನು ಬೀಗ ತೆಗೆದು, ಹೊಸ ವಿಂಡೋಸಿಗೆ ಹೊಂದಿಸಿ ಮಾರುತ್ತಿದ್ದಾರೆ. ನಿಮ್ಮದು ಮೋಸ್ಟ್ ವಾಂಟೆಡ್ ಆಗಿದ್ದರೆ ಒಂದು ಎಚ್ಚರಿಕೆ: ಸ್ಟೀಮ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಅದೇ ಹೆಸರಿನದು ಕಾಣುತ್ತದೆ, ಅದು 2012ರ ಬೇರೆ ಗೇಮ್. ಆತುರದಲ್ಲಿ ಕೊಳ್ಳಬೇಡಿ.

ಪ್ರಶ್ನೆ: ಡಿಸ್ಕ್ ಗೊಡವೆಯೇ ಬೇಡ ಅಂತ ಎಲ್ಲ ಗೇಮ್‌ಗಳನ್ನೂ ಸ್ಟೀಮ್‌ನಲ್ಲೇ ಕೊಂಡಿದ್ದೇನೆ. ಅವು ನನ್ನವೇ ಅಲ್ವಾ? – ಮೈಸೂರಿನ ವಿದ್ಯಾರ್ಥಿನಿ

ಉತ್ತರ: ಇಲ್ಲಮ್ಮ. ನೀವು ಕೊಂಡಿರುವುದು ಲೈಸೆನ್ಸ್, ಅಂದರೆ ಆಡಲು ಅನುಮತಿ. ಯೂಬಿಸಾಫ್ಟ್ ಎಂಬ ಗೇಮ್ ಕಂಪನಿಯ ‘ದಿ ಕ್ರೂ’ ಕಥೆ ಕೇಳಿ. 2014ರಲ್ಲಿ ಬಂದ ಈ ಕಾರ್ ಗೇಮಿಗೆ ಒಬ್ಬರೇ ಆಡಿದರೂ ನೆಟ್ ಮೂಲಕ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ಅಂಗಡಿಯಲ್ಲಿ ಡಿಸ್ಕ್ ಕೊಂಡವರಿಗೂ ಅದು ಪ್ರಯೋಜನಕ್ಕೆ ಬರಲಿಲ್ಲ. ಇದಾದ ಮೇಲೆ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರು ಮಾಡಿದರು. ಯುರೋಪಿನಲ್ಲಿ ಅವರ ಮನವಿಗೆ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿತು. ಯೂಬಿಸಾಫ್ಟ್ ಕೂಡ ಈ ಸರಣಿಯ ಮುಂದಿನ ಗೇಮ್‌ಗಳಿಗೆ ಆಫ್‌ಲೈನ್ ಮೋಡ್ ಕೊಡುವುದಾಗಿ 2024ರಲ್ಲೇ ಹೇಳಿತು. ಜನ ಗಟ್ಟಿಯಾಗಿ ಕೇಳಿದರೆ ಕಂಪನಿಗಳು ಕೇಳಿಸಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದಲ್ಲಂತೂ, ಇದು ಬರೀ ಲೈಸೆನ್ಸ್ ಎಂದು ಅಂಗಡಿಯವರು ಕೊಳ್ಳುವ ಮುಂಚೆಯೇ ತಿಳಿಸಬೇಕೆಂಬ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮಲ್ಲೂ ಅಂಥದ್ದು ಬರಲೇಬೇಕು.

ಅಲ್ಲಿಯವರೆಗೆ ಹೀಗೆ ಮಾಡಿ. ಕೊಳ್ಳುವ ಮುಂಚೆ ಗೇಮಿನ ಪುಟದಲ್ಲಿ ‘ಸದಾ ನೆಟ್ ಬೇಕು’ ಎಂಬ ಸೂಚನೆ ಅಥವಾ ಡೆನುವೋ ಎಂಬ ಈಗಿನ ಕಾಲದ ಬೀಗದ ಹೆಸರು ಇದೆಯಾ ನೋಡಿ. ತುಂಬ ಇಷ್ಟದ ಗೇಮ್ ಜಿಒಜಿಯಲ್ಲೂ ಇದ್ದರೆ ಅಲ್ಲೇ ಕೊಂಡು, ಇನ್‌ಸ್ಟಾಲರ್ ಫೈಲನ್ನು ಹಾರ್ಡ್ ಡಿಸ್ಕಿಗೆ ಇಳಿಸಿಡಿ. ಕಾಗದದ ಮೇಲೆ ಅದೂ ಲೈಸೆನ್ಸೇ. ಆದರೆ ಫೈಲ್ ನಿಮ್ಮ ಕೈಲಿರುತ್ತದೆ, ಯಾವ ಸರ್ವರನ್ನೂ ಕೇಳದೆ ತೆರೆಯುತ್ತದೆ.

ಪ್ರಶ್ನೆ: ನನ್ನ ಸ್ಟೀಮ್ ಖಾತೆಯನ್ನು ಮಗನ ಹೆಸರಿಗೆ ಮಾಡಿಕೊಡಬಹುದಾ? – ಹುಬ್ಬಳ್ಳಿಯ ಓದುಗ

ಉತ್ತರ: ಆಗಲ್ಲ. ಖಾತೆಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂದು ಅವರ ಒಪ್ಪಂದದಲ್ಲೇ ಇದೆ. ಆದರೆ ‘ಸ್ಟೀಮ್ ಫ್ಯಾಮಿಲೀಸ್’ ಎಂಬ ಸೌಲಭ್ಯ ಇದೆ. ಒಂದೇ ಮನೆಯ ಆರು ಜನರವರೆಗೆ ಸೇರಬಹುದು. ಮಗನಿಗೆ ಅವನದೇ ಖಾತೆ ಮಾಡಿಸಿ ಅದಕ್ಕೆ ಸೇರಿಸಿ. ಹಂಚಿಕೊಳ್ಳಲು ಅನುಮತಿ ಇರುವ ನಿಮ್ಮ ಗೇಮ್‌ಗಳು ಅವನಿಗೂ ಕಾಣುತ್ತವೆ. ಅವನ ಸೇವ್ ಫೈಲ್ ಅವನಿಗೆ, ನಿಮ್ಮದು ನಿಮಗೆ. ಒಂದೇ ಗೇಮನ್ನು ಇಬ್ಬರೂ ಒಟ್ಟಿಗೆ ಆಡಬೇಕೆಂದರೆ ಮಾತ್ರ ಎರಡು ಪ್ರತಿ ಬೇಕು.