ಪ್ರಶ್ನೋತ್ತರ: ಕ್ಲೀವ್ಸ್ ಪತ್ರಕ್ಕೆ ಸಹಿ ಹಾಕಿದವರು ಯಾರು?

ಪ್ರಶ್ನೆ: ಚಿಂತಾಮಣಿಯಲ್ಲಿ ಬಹಳ ವರ್ಷ ಕ್ರಯಪತ್ರ, ವಿಭಾಗಪತ್ರಗಳನ್ನು ಬರೆದವನು ನಾನು. 1766ರಲ್ಲಿ ಜರ್ಮನಿಯ ಕ್ಲೀವ್ಸ್ ಎಂಬ ಊರಿನಲ್ಲಿ ಆದ ಯಹೂದಿ ವಿಚ್ಛೇದನ ಪತ್ರವೊಂದಕ್ಕೆ ಯೂರೋಪಿನ ರಬ್ಬಿಗಳೆಲ್ಲ (ಯಹೂದಿ ಧರ್ಮಪಂಡಿತರು) ಸಹಿ ಹಾಕಿ ಜಗಳವಾಡಿದರೆಂದು ಓದಿದೆ. ಒಂದು ಪತ್ರಕ್ಕೆ ಅಷ್ಟೊಂದು ಸಹಿ ಏಕೆ ಬೇಕಾಯಿತು?
(ನಿವೃತ್ತ ಪತ್ರ ಬರಹಗಾರರು, ಚಿಂತಾಮಣಿ)

ಉತ್ತರ: ಮೊದಲಿಗೆ ಒಂದು ತಿದ್ದುಪಡಿ. ರಬ್ಬಿಗಳು ರುಜು ಮಾಡಿದ್ದು ಆ ಪತ್ರಕ್ಕಲ್ಲ, ಅದು ಊರ್ಜಿತವೇ ಅಲ್ಲವೇ ಎಂದು ತಾವು ಬರೆದ ತೀರ್ಪು ಮತ್ತು ಅಭಿಪ್ರಾಯಗಳಿಗೆ. 'ಗೆಟ್' ಎಂದು ಕರೆಯುವ ವಿಚ್ಛೇದನ ಪತ್ರವನ್ನು ಲಿಪಿಕಾರನು ಬಹುಮಟ್ಟಿಗೆ ಅರಾಮಿಕ್ ಭಾಷೆಯಲ್ಲಿ, 12 ಸಾಲುಗಳಲ್ಲಿ ಬರೆಯುತ್ತಾನೆ. ಕೆಳಗೆ ಇಬ್ಬರು ಸಾಕ್ಷಿಗಳು ಸಹಿ ಹಾಕುತ್ತಾರೆ. ಗಂಡ ಅದನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಪತ್ರದ ಕೊನೆಗೆ 'ಬಿಕ್ಕಲಂ' ಎಂದು ಬರೆದವರ ಹೆಸರು ಹಾಕಿ ರೂಢಿಯಾದ ತಮಗೆ ವಿಚಿತ್ರವೆನಿಸಬಹುದು, ಬರೆದವನ ಹೆಸರು ಅದರಲ್ಲಿ ಇರುವುದಿಲ್ಲ. 'ಬೇತ್ ದಿನ್' ಎಂಬ ಧರ್ಮ ನ್ಯಾಯಾಲಯವು ವಿಧಿ ಸರಿಯಾಗಿ ನಡೆಯಿತೇ ಎಂದು ನೋಡಿಕೊಂಡು, ಆಮೇಲೆ ಆಕೆ ಮರುಮದುವೆಗೆ ಸ್ವತಂತ್ರಳೆಂಬ ಬೇರೊಂದು ಪ್ರಮಾಣಪತ್ರ ಕೊಡುತ್ತದೆ. ನ್ಯಾಯಾಲಯದ ರುಜು ಇರುವುದು ಅದರಲ್ಲಿ.

ಉಳಿದಂತೆ ತಾವು ಗೆಟ್ ಅನ್ನು ಕಂಡರೆ ತಮ್ಮ ಕಸುಬಿನದೇ ಪತ್ರವೆಂದು ಗುರುತಿಸುವಿರಿ. ತಂದೆಯ ಹೆಸರು ಇರುತ್ತದೆ. ಅಡ್ಡಹೆಸರಿದ್ದರೆ ನಮ್ಮ 'ಉರುಫ್'ನಂತೆ ಅದನ್ನೂ ಬಿಡದೆ ಸೇರಿಸುತ್ತಾರೆ. ಚಕ್ಕುಬಂದಿಯ ಜಾಗದಲ್ಲಿ, ಊರು ಯಾವ ನದಿಯ ದಂಡೆಯಲ್ಲಿದೆ, ಯಾವ ಬಾವಿ ಬುಗ್ಗೆಗಳ ನೀರು ಬಳಸುತ್ತದೆ ಎಂಬುದು ಬರುತ್ತದೆ. (ನಮ್ಮ ಬಯಲುಸೀಮೆಯ ಊರಿಗೆ ಬರೆಯಬೇಕಾಗಿ ಬಂದಿದ್ದರೆ ಲಿಪಿಕಾರ ಬಾವಿಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತಿತ್ತು.) ತಾವು ನೂರಾರು ಸಲ ಬರೆದಿರಬಹುದಾದ 'ಯಾರ ಬಲವಂತವೂ ಇಲ್ಲದೆ, ಸ್ವ ಇಚ್ಛೆಯಿಂದ' ಎಂಬ ಮಾತಿಗೆ ಸಮನಾದದ್ದು ಅಲ್ಲಿಯೂ ಇದೆ. ಕ್ಲೀವ್ಸ್ ಜಗಳ ಹುಟ್ಟಿದ್ದು, ಹಾಗೆ ಸ್ವ ಇಚ್ಛೆಯಿಂದ ಕೊಡುವಷ್ಟು ಬುದ್ಧಿ ಗಂಡನಿಗೆ ಸ್ಥಿಮಿತದಲ್ಲಿತ್ತೇ ಎಂಬುದರ ಸುತ್ತ.

ಮಾನ್‌ಹೈಮ್‌ನ ಐಸಾಕ್ ಎಂಬ ಯುವಕನಿಗೂ ಬಾನ್ ನಗರದ ಲೇಯಾ ಎಂಬಾಕೆಗೂ 1766ರ ಆಗಸ್ಟ್‌ನಲ್ಲಿ ಮದುವೆಯಾಯಿತು. ಮದುವೆಯ ನಂತರದ ಸಬ್ಬತ್ (ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶನಿವಾರ) ದಿನ ವರನು ವರದಕ್ಷಿಣೆಯ ಹಣದಲ್ಲಿ 94 ಚಿನ್ನದ ನಾಣ್ಯಗಳನ್ನು ತೆಗೆದುಕೊಂಡು ಕಾಣೆಯಾದ. ಹುಡುಕಿ ಕರೆತಂದ ಮೇಲೆ, ತನಗೆ ಇಲ್ಲಿ ಅಪಾಯವಿದೆ, ಇಂಗ್ಲೆಂಡಿಗೆ ಹೋಗುತ್ತೇನೆ, ಹೆಂಡತಿ ಕಟ್ಟುಬಿದ್ದಿರುವುದು ಬೇಡ ಎಂದು ವಿಚ್ಛೇದನಕ್ಕೆ ಮುಂದಾದ. ಹಾಲೆಂಡ್ ಗಡಿಯ ಸಮೀಪದ ಕ್ಲೀವ್ಸ್‌ನಲ್ಲಿ, ರಬ್ಬಿ ಇಸ್ರಾಯೇಲ್ ಲಿಪ್‌ಷುಟ್ಜ್ ಅವರ ಸಮ್ಮುಖದಲ್ಲಿ ಗೆಟ್ ಕೊಡಲಾಯಿತು. ಸುದ್ದಿ ತಿಳಿದ ವರನ ತಂದೆಗೆ ಇದು ಹೆಣ್ಣಿನ ಕಡೆಯವರ ಹುನ್ನಾರವೆಂಬ ಅನುಮಾನ ಬಂತು. ಮಾನ್‌ಹೈಮ್‌ನ ರಬ್ಬಿ ಟೆವೆಲೆ ಹೆಸ್ ಅವರು ವರನಿಗೆ ಆಗ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಆದ್ದರಿಂದ ಗೆಟ್ ಅಸಿಂಧು ಎಂದರು. ರಬ್ಬಿ ಅಬ್ರಹಾಂ ಆಬಿಷ್ ಅವರ ನೇತೃತ್ವದ ಫ್ರಾಂಕ್‌ಫರ್ಟ್ ಬೇತ್ ದಿನ್ ಅದನ್ನು ಎತ್ತಿಹಿಡಿದು, ಲಿಪ್‌ಷುಟ್ಜ್ ಅವರೇ ತಮ್ಮ ಕೆಲಸವನ್ನು ರದ್ದುಪಡಿಸಬೇಕೆಂದು ಪಟ್ಟು ಹಿಡಿಯಿತು. ಅವರು ಒಪ್ಪಲಿಲ್ಲ. ಪ್ರಾಗ್‌ನ ಎಜೆಕಿಯೇಲ್ ಲಾಂಡೌ, ಆಮ್‌ಸ್ಟರ್‌ಡ್ಯಾಮ್‌ನ ಸೌಲ್ ಲೋವೆನ್‌ಸ್ಟಾಮ್, ಆಲ್ಟೋನಾದ ಜೇಕಬ್ ಎಂಡೆನ್ ಮುಂತಾದ ಘಟಾನುಘಟಿಗಳು ಗೆಟ್ ಸಿಂಧುವೆಂದು ಬರೆದು ರುಜು ಹಾಕಿದರು.

ಇಂಥ ರುಜುಗಳಲ್ಲಿ ಒಂದು ಸೊಗಸಿದೆ. ದೊಡ್ಡ ಪಂಡಿತರೂ ತಮ್ಮನ್ನು 'ಅಲ್ಪ' ಎಂದು ಕರೆದುಕೊಂಡು, ತಾವು ಆ ಊರಿನಲ್ಲಿ 'ಬೀಡುಬಿಟ್ಟವರು' ಎಂದು ಬರೆಯುವ ರೂಢಿಯಿತ್ತು. ವಿನಯ ಸಹಿಯಲ್ಲಿದ್ದರೂ ವಾದದಲ್ಲಿ ಯಾರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ನನ್ನ ಎಣಿಕೆಯಲ್ಲಿ ಲಾಂಡೌ ಅವರ ಕಡೆಯ ವಾದವೇ ಗಟ್ಟಿ: ಗಾಬರಿಯಿಂದ ಓಡಿಹೋದ ಮಾತ್ರಕ್ಕೆ ಒಬ್ಬನನ್ನು ಹುಚ್ಚನೆನ್ನಲಾಗದು.

ಕೊನೆಗೆ ಐಸಾಕ್ ಮತ್ತು ಲೇಯಾ ಮತ್ತೆ ಒಂದಾದರು. ಗೆಟ್ ಸಿಂಧುವಾಗಿದ್ದರೆ ಹೊಸದಾಗಿ ಮದುವೆಯಾಗಲೇಬೇಕು. ಅಸಿಂಧುವಾಗಿದ್ದರೆ ಮದುವೆ ಮುರಿದೇ ಇಲ್ಲ. ಆದ್ದರಿಂದ ಎರಡನೆಯ ಸಲ ಉಂಗುರ ತೊಡಿಸಿದಾಗ, ಫ್ರಾಂಕ್‌ಫರ್ಟಿನ ಮಾತಿಗೂ ಮರ್ಯಾದೆ ಕೊಟ್ಟು ಮದುವೆಯ ಆಶೀರ್ವಚನಗಳನ್ನು ಹೇಳಲಿಲ್ಲ; ಈ ಉಂಗುರದಿಂದ ನೀನು ಇನ್ನೂ ನನ್ನ ಹೆಂಡತಿ ಎಂದು ವರನಿಂದ ಹೇಳಿಸಿದರು.