ಷೇರು ವ್ಯವಹಾರ ತಿಳಿಯದವರೂ ಈ ಕಾದಂಬರಿಯನ್ನು ಓದಬಹುದೇ?

ಷೇರುಪೇಟೆಯ ಗಂಧವಿಲ್ಲದವರಿಗೆ ಡೇವಿಡ್ ಲಿಸ್ ಅವರ ‘ಎ ಕಾನ್‌ಸ್ಪಿರಸಿ ಆಫ್ ಪೇಪರ್’ ಅರ್ಥವಾದೀತೇ ಎಂದು ಕೇಳಿದ್ದೀರಿ, ಖಂಡಿತ ಆಗುತ್ತದೆ. 1719ರ ಲಂಡನ್ನಿನಲ್ಲಿ ತಂದೆಯ ಸಾವಿನ ಕಾರಣವನ್ನು ಹುಡುಕುವ ಮಾಜಿ ಮುಷ್ಟಿಕಾಳಗದ ಪಟು ಬೆಂಜಮಿನ್ ವೀವರ್‌ಗೂ ಆ ವ್ಯವಹಾರ ಅಪರಿಚಿತವೇ ಆದ್ದರಿಂದ, ಕಾಫಿಮನೆಗಳಲ್ಲಿ ಷೇರುಗಳು ಕೈಯಿಂದ ಕೈಗೆ ಸಾಗುತ್ತಿದ್ದ ಬಗೆಯನ್ನು ಅವನೊಂದಿಗೆ ನಾವೂ ಕಲಿಯುತ್ತೇವೆ. ವಿವರಣೆಯ ಸಂಭಾಷಣೆಗಳು ದೀರ್ಘವಾದುವೆಂಬ ಆಕ್ಷೇಪ ನ್ಯಾಯವಾದದ್ದೇ. ನನಗೆ ಮಾತ್ರ ಅವೇ ಕೃತಿಯ ಜೀವಾಳ.

ಕಥೆಯ ಹಿನ್ನೆಲೆಯಲ್ಲಿರುವ, 1711ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ವ್ಯಾಪಾರ ಸಂಸ್ಥೆ ಸೌತ್ ಸೀ ಕಂಪನಿಯು ಸರ್ಕಾರದ ಸಾಲವನ್ನೇ ತನ್ನ ಷೇರುಗಳಾಗಿ ಪರಿವರ್ತಿಸಲು, ಅಂದರೆ ಸರ್ಕಾರಕ್ಕೆ ಸಾಲ ಕೊಟ್ಟವರಿಗೆ ಅದರ ಬದಲು ತನ್ನ ಷೇರುಗಳನ್ನು ಕೊಡಲು ಹೊರಟಾಗ, 1720ರ ಆರಂಭದಲ್ಲಿ ಸುಮಾರು 128 ಪೌಂಡಿದ್ದ ಷೇರಿನ ಬೆಲೆ ಬೇಸಿಗೆಯಲ್ಲಿ 1000ದ ಸಮೀಪಕ್ಕೇರಿ, ವರ್ಷಾಂತ್ಯದೊಳಗೆ 200ಕ್ಕಿಂತ ಕೆಳಗೆ ಕುಸಿಯಿತು. ಇಷ್ಟನ್ನು ತಿಳಿದುಕೊಂಡೇ ಓದಲು ಆರಂಭಿಸಿ. ಆಗ ಅದರ ಹಿಂದಿನ ವರ್ಷದಲ್ಲಿ ನಡೆಯುವ ಈ ಕಥೆಯ ಪ್ರತಿಯೊಂದು ಭರವಸೆಯ ಮಾತೂ ಆತಂಕವನ್ನು ಹುಟ್ಟಿಸುತ್ತದೆ.