ಫ್ರೆಂಚಾ, ಜರ್ಮನ್ನಾ?

ಪ್ರಶ್ನೆ: ಮೇಡಂ, ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮಗ ಇಯರ್ 9. ಜಿಸಿಎಸ್‌ಇಗೆ (ಇಲ್ಲಿ ಹದಿನಾರರ ವಯಸ್ಸಲ್ಲಿ ಬರಿಯೋ ಶಾಲಾ ಪರೀಕ್ಷೆ) ಸಬ್ಜೆಕ್ಟ್ ಆರಿಸ್ಕೊಳ್ಳೋ ಫಾರ್ಮ್ ಬಂದಿದೆ. ಫ್ರೆಂಚು, ಜರ್ಮನ್ನು ಎರಡೂ ಸ್ವಲ್ಪ ಸ್ವಲ್ಪ ಕಲ್ತಿದಾನೆ, ಈಗ ಒಂದು ಇಟ್ಕೋಬೇಕು. ನಂಗೂ ನಮ್ಮನೆಯವರಿಗೂ ಎರಡರಲ್ಲೂ ಒಂದಕ್ಷರ ಬರಲ್ಲ. ಅವನ ಅಜ್ಜಿ ವಿಡಿಯೋ ಕಾಲಲ್ಲೇ ಕಾಗುಣಿತ ಕಲಿಸಿರೋದ್ರಿಂದ ಕನ್ನಡ ಅಷ್ಟಿಷ್ಟು ಓದ್ತಾನೆ. ಯಾವುದು ತಗೊಂಡ್ರೆ ಒಳ್ಳೇದು?

ಉತ್ತರ: ಅಜ್ಜಿಗೆ ಮೊದ್ಲು ಒಂದು ನಮಸ್ಕಾರ ಹೇಳಿ, ಯಾಕಂದ್ರೆ ನನ್ನ ಉತ್ತರ ನಿಂತಿರೋದೇ ಅವರ ಕಾಗುಣಿತದ ಮೇಲೆ.

ಪರೀಕ್ಷೆ ಬದಲಾಗಿದೆ ನೋಡಿ. 2024ರ ಸೆಪ್ಟೆಂಬರಿಂದ ಹೊಸ ಸಿಲಬಸ್ಸು, ಅದರ ಮೊದಲ ಪರೀಕ್ಷೆ 2026ರದ್ದು. ಕೇಳೋದು, ಮಾತಾಡೋದು, ಓದೋದು, ಬರಿಯೋದು, ನಾಲ್ಕಕ್ಕೂ ತಲಾ ಶೇ. 25. ಇದರಲ್ಲಿ ಎರಡು ಹೊಸದು: ಮಾತಿನ ಪರೀಕ್ಷೇಲಿ ಕೊಟ್ಟಿದ್ದನ್ನ ಗಟ್ಟಿಯಾಗಿ ಓದಿ ಹೇಳ್ಬೇಕು, ಕೇಳೋ ಪೇಪರಲ್ಲಿ ಉಕ್ತಲೇಖನ ಇದೆ, ನಾವು ಪ್ರೈಮರೀಲಿ ಬರೀತಿದ್ವಲ್ಲ ಅದೇ.

ಫ್ರೆಂಚ್ ಕಾಟ ಕೊಡೋದು ಇಲ್ಲೇ. ಹಸಿರು, ಗಾಜು, ಹುಳ, 'ಕಡೆಗೆ', ಈ ನಾಲ್ಕಕ್ಕೂ ಫ್ರೆಂಚಲ್ಲಿ ಸ್ಪೆಲ್ಲಿಂಗ್ ಬೇರೆ ಬೇರೆ, ಕಿವಿಗೆ ಮಾತ್ರ ನಾಲ್ಕೂ 'ವೆರ್'. 'ಅವನು ಮಾತಾಡ್ತಾನೆ', 'ಅವರು ಮಾತಾಡ್ತಾರೆ' ಎರಡೂ 'ಇಲ್ ಪಾರ್ಲ್', ಬರಿಯುವಾಗ ಮಾತ್ರ ಎರಡನೇದಕ್ಕೆ ಬಾಯಲ್ಲಿ ಬರದೇ ಇರೋ ಅಕ್ಷರಗಳು ಬಾಲ ಆಗಿ ಅಂಟ್ಕೋತವೆ. ಜರ್ಮನ್ ಹೆಚ್ಚು ಕಮ್ಮಿ ಕನ್ನಡದ ಹಾಗೆ, ನಿಯಮ ಗೊತ್ತಾದ್ರೆ ಅರ್ಥ ಗೊತ್ತಿಲ್ದಿದ್ರೂ ಓದ್ಕೊಂಡು ಹೋಗಬಹುದು.

ವ್ಯಾಕರಣಕ್ಕೆ ಬಂದ್ರೆ ಜರ್ಮನ್ನೇ ಕಷ್ಟ ಅಂತ ಎಲ್ರೂ ಹೆದರಿಸ್ತಾರೆ. ಇಂಗ್ಲಿಷಿನ 'ದ' ಅನ್ನೋದು ಅಲ್ಲಿ ಡೇರ್, ಡೆನ್, ಡೇಮ್ ಅಂತ ರೂಪ ಬದಲಾಗೋದು ನಿಜ, ಆದ್ರೆ ಹುಡುಗ, ಹುಡುಗನನ್ನು, ಹುಡುಗನಿಗೆ ಅನ್ನೋ ಮಗೂಗೆ ವಿಭಕ್ತಿ ಅಂದ್ರೆ ಏನು ಅಂತ ಇಂಗ್ಲಿಷ್ ಹುಡುಗರಷ್ಟು ತಿಣುಕಿ ಹೇಳ್ಕೊಡಬೇಕಾಗಿಲ್ಲ. 'ಯಾಕಂದ್ರೆ ನಂಗೆ ಸುಸ್ತಾಗಿದೆ' ಅನ್ನೋಕೆ 'ವೈಲ್ ಇಶ್ ಮ್ಯೂಡೆ ಬಿನ್' ಅಂತಾರೆ, ಕ್ರಿಯಾಪದ ನಮ್ಮಂಗೇ ಕೊನೇಲಿ. ಲಿಂಗ ಮಾತ್ರ ಎರಡರಲ್ಲೂ ಬಾಯಿಪಾಠವೇ, ಟೇಬಲ್ಲು ಜರ್ಮನ್ನಲ್ಲಿ ಗಂಡು, ಫ್ರೆಂಚಲ್ಲಿ ಹೆಣ್ಣು. ಹುಡುಗಿ ಅನ್ನೋ ಜರ್ಮನ್ ಪದ ಅಂತೂ ನಪುಂಸಕಲಿಂಗ! ಹವ್ಯಕರ ಮನೇಲಿ ಬೆಳೆದೋರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ, ಅವರು ಮಗಳನ್ನ 'ಅದು ಬಂತು' ಅಂತಲೇ ಅನ್ನೋದು.

ಹಾಗಾಗಿ ನನ್ನ ವೋಟು ಜರ್ಮನ್‌ಗೆ. ಆದ್ರೆ ಫಾರ್ಮ್ ತುಂಬೋ ಮುಂಚೆ ಸ್ಕೂಲಲ್ಲಿ ಕೇಳಿ, ಜರ್ಮನ್‌ಗೆ ಹುಡುಗ್ರು ಕಮ್ಮಿ ಅಂತ ಕ್ಲಾಸೇ ನಿಲ್ಲಿಸೋ ಸ್ಕೂಲುಗಳಿವೆ. ಅವನಿಗೆ ಫ್ರೆಂಚ್ ಟೀಚರ್ ಅಂದ್ರೆ ಪ್ರಾಣ ಅನ್ನೋ ಹಾಗಿದ್ರೆ ನಾನು ಹೇಳಿದ್ದೆಲ್ಲ ಮರ್ತುಬಿಡಿ.

ಪ್ರಶ್ನೆ: ಮಗಳನ್ನ ಜಿಸಿಎಸ್‌ಇ ಫ್ರೆಂಚಲ್ಲಿ ಫೌಂಡೇಶನ್‌ಗೆ, ಅಂದ್ರೆ ಸುಲಭದ ಹಂತಕ್ಕೆ, ಹಾಕ್ತೀವಿ ಅಂತ ಸ್ಕೂಲಲ್ಲಿ ಅಂತಿದಾರೆ. ಒಪ್ಕೋಬಹುದಾ? ಮನೇಲಿ ನಾವೇನು ಮಾಡಬಹುದು?

ಉತ್ತರ: ಫೌಂಡೇಶನ್‌ನಲ್ಲಿ ಎಷ್ಟೇ ಚೆನ್ನಾಗಿ ಬರೆದ್ರೂ ಗ್ರೇಡ್ 5ರ ಮೇಲೆ ಹೋಗಲ್ಲ, 6ರಿಂದ 9 (9 ಅಂದ್ರೆ ಎಲ್ಲಕ್ಕಿಂತ ಮೇಲಿನ ಗ್ರೇಡ್) ಬೇಕಂದ್ರೆ ಕಷ್ಟದ ಹಂತ ಹೈಯರ್ರೇ ಬರೀಬೇಕು. ನಾಲ್ಕು ಪೇಪರ್ರೂ ಒಂದೇ ಹಂತದಲ್ಲಿರಬೇಕು, ಓದೋದು ಹೈಯರ್, ಮಾತು ಫೌಂಡೇಶನ್ ಅಂತ ಬೆರೆಸೋಕಾಗಲ್ಲ. ಮುಂದೆ ಎ ಲೆವೆಲ್‌ನಲ್ಲಿ (ಜಿಸಿಎಸ್‌ಇ ಆದ್ಮೇಲಿನ ಓದು, ನಮ್ಮ ಪಿಯುಸಿ ಥರ) ಫ್ರೆಂಚ್ ಓದೋ ಆಸೆ ಇದ್ರೆ ಟೀಚರ್ ಹತ್ರ ಈಗ್ಲೇ ಕೂತು ಮಾತಾಡಿ, ಇಲ್ಲಾಂದ್ರೆ ಜಗಳ ಬೇಡ.

ಹೊಸ ಸಿಲಬಸ್ಸಲ್ಲಿ ಕಲೀಬೇಕಾದ ಪದಗಳ ಪಟ್ಟೀನೇ ಇದೆ, ಫೌಂಡೇಶನ್‌ಗೆ ಸುಮಾರು 1,200, ಹೈಯರ್‌ಗೆ 1,700. ಅದನ್ನ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿ. ದಿನಾ ಹತ್ತು ಪದ ನೀವು ಇಂಗ್ಲಿಷಲ್ಲೋ ಕನ್ನಡದಲ್ಲೋ ಕೇಳಿ, ಅವಳು ಫ್ರೆಂಚಲ್ಲಿ ಬರೀಲಿ, ಪಟ್ಟಿ ನೋಡಿ ನೀವೇ ಟಿಕ್ ಹಾಕಬಹುದು. ಉಚ್ಚಾರಣೆ ಹೇಳ್ಕೊಡೋಕೆ ಮಾತ್ರ ಹೋಗ್ಬೇಡಿ, ಅದಕ್ಕೆ ಅವಳ ಟೀಚರ್ ಕೊಟ್ಟಿರೋ ಆಡಿಯೋನೇ ಸರಿ.